ದೊಡ್ಡ ಕರುಳಿನ ಲೈನಿಗೆ ಐದರಿಂದ ಏಳು

ಗುಂಡ್ಲುಪೇಟೆಯ ಕರೆಂಟ್ ಆಫೀಸಿನ ಮೀಟರ್ ರೀಡರ್ ಮಹಾಲಿಂಗನಿಗೆ ಈ ಭೂಮಿಯ ಮೇಲೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಹಾಗೆಂದು ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಮಹಾಲಿಂಗನೇ. ಯಾರು ಏನು ಹೇಳಲು ಬಾಯಿ ತೆರೆದರೂ ಮಾತು ಅರ್ಧಕ್ಕೆ ಬರುವ ಮೊದಲೇ "ಗೊತ್ತು, ಗೊತ್ತು" ಎಂದು ತಲೆಯಾಡಿಸಿಬಿಡುತ್ತಿದ್ದ. ದಿನಕ್ಕೆ ನೂರು ಮನೆಯ ಮೆಟ್ಟಿಲು ಹತ್ತಿಳಿದು, ಮನೆಗೊಂದು ಸುದ್ದಿ ಕೇಳುವವನಿಗೆ ಪೂರ್ತಿ ಕೇಳುವಷ್ಟು ಪುರಸೊತ್ತು ಎಲ್ಲಿಂದ ಬರಬೇಕು? ಹದಿನೆಂಟು ವರ್ಷದ ಸರ್ವಿಸ್ಸಿನಲ್ಲಿ ಈ ಅಭ್ಯಾಸದಿಂದ ಅವನಿಗೆ ಯಾವ ತೊಂದರೆಯೂ ಆಗಿರಲಿಲ್ಲ. ಆದದ್ದು ಮಗಳ ಹೊಟ್ಟೆನೋವಿನ ವಿಷಯದಲ್ಲಿ, ಚಾಮರಾಜನಗರ ಜಿಲ್ಲೆಯಾಗುವುದಕ್ಕೆ ಒಂದು ವರ್ಷ ಮೊದಲು.

ಮಗಳು ಶಿವರಂಜಿನಿ ಹತ್ತನೇ ಕ್ಲಾಸಿನಲ್ಲಿದ್ದಳು. ಬೆಳಿಗ್ಗೆ ಮುಖ ತೊಳೆದು ಜಡೆ ಹೆಣೆದುಕೊಂಡು ಸರಿಯಾಗಿಯೇ ಹೋದವಳು, ಸಂಜೆ ಬಂದು ಬ್ಯಾಗು ಎಸೆದು ಹೊಟ್ಟೆ ಹಿಡಿದು ಮಲಗಿಬಿಡುತ್ತಿದ್ದಳು. ತಿಂದರೆ ಉಬ್ಬರ, ತಿನ್ನದಿದ್ದರೆ ಉರಿ. ಮೂರು ನಾಲ್ಕು ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾಗುವುದೂ ಒಂದು ದೊಡ್ಡ ಪ್ರಯಾಸ. ತಾಯಿ ಶಾಂತಮಲ್ಲಮ್ಮ ಓಮಿನ ಕಷಾಯ ಕುಡಿಸಿದಳು, ಹರಳೆಣ್ಣೆ ಕುಡಿಸಿದಳು. ಪಕ್ಕದ ಮನೆಯ ಮಂಗಮ್ಮ ಬಂದು ಹೊಕ್ಕುಳಿಗೆ ಇಂಗಿನ ಪಟ್ಟು ಹಾಕಿ, ದೃಷ್ಟಿ ತೆಗೆದು, ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆಯನ್ನೂ ಹೊತ್ತಳು. ದವಾಖಾನೆಯ ಗುಲಾಬಿ ಬಣ್ಣದ ಮಾತ್ರೆಯೂ ಆಯಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿ ಗಣಿತದ ಪೇಪರನ್ನು ನಡುವೆಯೇ ಬಿಟ್ಟು ಎದ್ದು ಬಂದಳು. ನೋವಿನಿಂದ ಶಾಲೆ ತಪ್ಪಿದ ದಿನಗಳೂ ಹೆಚ್ಚಾಗಿ, ಇನ್ನೂ ಹತ್ತು ದಿನ ಗೈರುಹಾಜರಾದರೆ ಪಬ್ಲಿಕ್ ಪರೀಕ್ಷೆಗೆ ಕೂರಿಸುವುದು ಕಷ್ಟ ಎಂದು ಶಾಲೆಯಿಂದ ಚೀಟಿ ಬಂತು. ಚೀಟಿ ನೋಡಿ ಶಾಂತಮಲ್ಲಮ್ಮ ಅತ್ತಳು. ಮಹಾಲಿಂಗನಿಗೆ ಅಳು ಬರಲಿಲ್ಲ. ಆದರೆ ಆ ದಿನ ಒಂಬತ್ತು ಮನೆಯ ರೀಡಿಂಗ್ ತಪ್ಪಾಗಿ ಬರೆದ.

ಆಗಲೇ ಒಂದು ಮನೆಯಲ್ಲಿ ಮೀಟರ್ ನೋಡುವಾಗ ಆ ಸುದ್ದಿ ಕಿವಿಗೆ ಬಿದ್ದದ್ದು: ಚಾಮರಾಜನಗರದಲ್ಲಿ ಚೀನಾ ಡಾಕ್ಟರೊಬ್ಬರಿದ್ದಾರೆ, ನಾಲಿಗೆ ನೋಡಿ ಕಾಯಿಲೆ ಹೇಳುತ್ತಾರೆ. ಮಹಾಲಿಂಗ ಮನೆಗೆ ಬಂದವನೇ ಬೀದಿಗೆಲ್ಲ ಕೇಳುವಂತೆ ಘೋಷಿಸಿದ.

"ಶಾಂತಾ, ನಾಳಕ ರಂಜೀನ ರೆಡಿ ಮಾಡು. ಚೀನಾ ಟ್ರೀಟ್‌ಮೆಂಟಿಗ ಓಯ್ತಾ ಇದ್ದೀವಿ."

ಮಂಗಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, ಗೋಡೆಯ ಮೇಲಿನಿಂದ ಇಣುಕಿದಳು.

"ಚೀನಾಕ್ಕಾ? ಬಸ್ಸು ಎಷ್ಟೊತ್ತಿಗದಪ್ಪ?"

"ಏಳೂವರೆಗ."

"ವಾಪಸ್ ಬರಾದು?"

"ಮೂರು ಗಂಟೆಗೆಲ್ಲಾ ಮನೇಲಿರ್ತೀವಿ."

ಮಂಗಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡಳು. "ಇಷ್ಟು ಅತ್ರ ಅದ ಅಂತ ನಂಗ ಯಾರೂ ಏಳ್ನೇ ಇಲ್ವಲ್ಲ ಕಣ!"

ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ಅಪ್ಪ ಮಗಳು ಚಾಮರಾಜನಗರ ಸೇರಿದರು. ಚಾಮರಾಜೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಒಂದು ಹೆಂಚಿನ ಮನೆ. ಜಗಲಿಯ ಮೇಲೆ ಹಣೆಗೆ ವಿಭೂತಿ ಬಳಿದುಕೊಂಡ ಹಿರಿಯರೊಬ್ಬರು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು.

"ಚೀನಾ ಡಾಕ್ಟ್ರು ಒಳಗವ್ರಾ?" ಎಂದು ಮಹಾಲಿಂಗ ಕೇಳಿದ.

"ನಾನೇ. ಗುರುಮಲ್ಲಯ್ಯ, ಹರವೆಯವನು."

ಚಪ್ಪಟೆ ಮೂಗು, ಸಣ್ಣ ಕಣ್ಣು, ಇಳಿಬಿಟ್ಟ ಮೀಸೆಗಳನ್ನು ನಿರೀಕ್ಷಿಸಿ ಬಂದಿದ್ದ ಮಹಾಲಿಂಗನಿಗೆ ಹರವೆಯ ಗುರುಮಲ್ಲಯ್ಯನವರನ್ನು ಕಂಡು ಮೋಸಹೋದಂತಾಯಿತು. ಆದರೆ ಅವರು ಸೈನ್ಯದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವರು. ಕಲ್ಕತ್ತೆಯಲ್ಲಿದ್ದಾಗ ಅಲ್ಲಿನ ಚೀನಾ ಪೇಟೆಯ ಮುದುಕ ವೈದ್ಯನೊಬ್ಬನ ಬಳಿ ಆರು ವರ್ಷ ರಜಾದಿನಗಳಲ್ಲೆಲ್ಲ ಕುಳಿತು ಕಲಿತವರು. ಗೋಡೆಯ ಮೇಲೆ ಮನುಷ್ಯದೇಹದ ಒಂದು ದೊಡ್ಡ ಚಿತ್ರವಿತ್ತು. ತಲೆಯಿಂದ ಕಾಲ್ಬೆರಳಿನವರೆಗೆ ಗೆರೆಗಳು, ಗೆರೆಗಳ ಮೇಲೆ ಚುಕ್ಕಿಗಳು. ಮಹಾಲಿಂಗನಿಗೆ ಮೈ ಜುಮ್ಮೆಂದಿತು. ತಮ್ಮ ಆಫೀಸಿನಲ್ಲಿ ತಾಲ್ಲೂಕಿನ ಲೈನು, ಕಂಬ, ಟ್ರಾನ್ಸ್‌ಫಾರ್ಮರುಗಳ ನಕ್ಷೆ ಇರುವುದು ಹೀಗೆಯೇ ಅಲ್ಲವೇ! ಮನುಷ್ಯನೊಳಗೂ ಲೈನ್ ಎಳೆದಿದ್ದಾರೆ ಎಂಬುದು ಅವನಿಗೆ ಅಂದೇ ಗೊತ್ತಾದದ್ದು.

ಗುರುಮಲ್ಲಯ್ಯ ಹುಡುಗಿಯ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ನಾಲಿಗೆ ಚಾಚಿಸಿ ಬೆಳಕಿಗೆ ಹಿಡಿದು ನೋಡಿದರು.

"ಬೆಳಗ್ಗೆ ಏನೂ ತಿನ್ನಲ್ಲ. ನೀರಂತೂ ಕುಡಿಯೋದೇ ಇಲ್ಲ. ಬಾಯಾರಿಕೆ ಆಗ್ತದೆ, ಬೇಕಂತಲೇ ಕುಡಿಯಲ್ಲ. ಅಲ್ವೇನವ್ವ?"

ಹುಡುಗಿ ತಲೆ ತಗ್ಗಿಸಿದಳು. ಮಹಾಲಿಂಗ ಕೈಮುಗಿದುಬಿಟ್ಟ. ಅವನು ದಿನವೂ ಓದುವ ಮೀಟರಿನಲ್ಲಿ ಇರುವುದು ಒಟ್ಟು ನಾಲ್ಕು ಅಂಕಿ. ಒಂದು ಗೇಣಿಲ್ಲದ ನಾಲಿಗೆಯಲ್ಲಿ ಇಷ್ಟೆಲ್ಲ ಬರೆದಿದೆಯೆಂದರೆ!

"ನೀವೊಂದು ಸ್ವಲ್ಪ ಹೊರಗಿರಿ," ಎಂದರು ಗುರುಮಲ್ಲಯ್ಯ.

ಹೊರಗೆ ಬಂದ ಮಹಾಲಿಂಗ, ಮಾಡಲು ಬೇರೇನೂ ಕೆಲಸವಿಲ್ಲದೆ, ಅವರ ಮನೆಯ ಮೀಟರ್ ಓದುತ್ತ ನಿಂತ. ಒಳಗೆ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕಕ್ಕಸು ಕಟ್ಟಿಸಿ ಎರಡು ವರ್ಷವಾಗಿದೆ, ಅದಕ್ಕೆ ಬೀಗ ಹಾಕಿದ್ದಾರೆ. ಬೇಲಿಯಾಚೆ ಹೋಗೋಣವೆಂದರೆ ಕೇರಳದ ಕಡೆ ಹೋಗುವ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಹಾಗಾಗಿ ಹುಡುಗಿಯರೆಲ್ಲ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ, ಅವಸರ ಬಂದರೂ ತಡೆದುಕೊಂಡು ಕೂರುತ್ತಾರೆ. ಅವಳು ಬೆಳಗಿನ ತಿಂಡಿಯನ್ನೂ ಅದಕ್ಕೇ ಬಿಟ್ಟಿದ್ದಾಳೆ.

"ಅಪ್ಪಂಗ ನೀವೇ ಏಳಿ ತಾತ. ನಂಗ ನಾಚ್ಕ ಆಯ್ತದ," ಎಂದಳು.

ಗುರುಮಲ್ಲಯ್ಯ ಮಹಾಲಿಂಗನನ್ನು ಒಳಗೆ ಕರೆದರು. "ವಿಷಯ ತಿಳೀತು. ಮಗು ಎಲ್ಲಾ ಹೇಳಿದ್ಲು. ಆ ಬೀಗ ಹಾಕಿದೆಯಲ್ಲ..."

"ಗೊತ್ತು, ಗೊತ್ತು," ಎಂದ ಮಹಾಲಿಂಗ.

ಗುರುಮಲ್ಲಯ್ಯ ಹುಬ್ಬು ಗಂಟಿಕ್ಕಿದರು. "ಗೊತ್ತಿದ್ದೂ ಸುಮ್ನಿದ್ದೀರಾ? ಮೊದಲು ಆ ಬೀಗ ತೆಗೆಸಿ. ಅಲ್ಲೀತನಕ ನಾನು ಯಾವ ಔಷಧಿ ಕೊಟ್ಟರೂ ದಂಡ."

ಯಾವ ಬೀಗ ಎಂದು ಕೇಳುವುದಕ್ಕೆ ಅದು ಸರಿಯಾದ ಸಮಯವಾಗಿತ್ತು. ಆದರೆ ಗೊತ್ತು ಎಂದು ಎರಡು ಸಲ ಹೇಳಿದ ಮೇಲೆ ಕೇಳುವುದು ಹೇಗೆ? "ತೆಗುಸ್ತೀನಿ ಸಾರ್," ಎಂದುಬಿಟ್ಟ.

ಅವರು ಒಂದು ಕಾಗದದಲ್ಲಿ ಬರೆದುಕೊಟ್ಟರು. ಚೀನಾ ಶಾಸ್ತ್ರದಂತೆ ಒಂದೊಂದು ಅಂಗಕ್ಕೂ ದಿನದಲ್ಲಿ ಎರಡೆರಡು ಗಂಟೆ ಶಕ್ತಿ ಹರಿಯುತ್ತದೆ. ಬೆಳಿಗ್ಗೆ ಐದರಿಂದ ಏಳು ದೊಡ್ಡ ಕರುಳು, ಆಗ ಬೆಚ್ಚನೆ ನೀರು ಕುಡಿದು ಅವಸರವಿಲ್ಲದೆ ಕೂರಬೇಕು. ಏಳರಿಂದ ಒಂಬತ್ತು ಜಠರ, ಆಗ ಗಂಜಿಯಾದರೂ ಸರಿ, ತಿನ್ನಲೇಬೇಕು. ಒಂಬತ್ತರಿಂದ ಹನ್ನೊಂದು ಗುಲ್ಮ, ಹನ್ನೊಂದರಿಂದ ಒಂದು ಹೃದಯ, ಒಂದರಿಂದ ಮೂರು ಸಣ್ಣ ಕರುಳು, ಮೂರರಿಂದ ಐದು ಮೂತ್ರಕೋಶ. ಜೊತೆಗೆ ಶುಂಠಿ, ಒಣಗಿಸಿದ ಕಿತ್ತಳೆ ಸಿಪ್ಪೆಯ ಕಷಾಯ. ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಬಿಟ್ಟು ಒತ್ತುವ ಒಂದು ಜಾಗವನ್ನೂ ತೋರಿಸಿದರು. ಅದರ ಹೆಸರು ಕಾಲಿನ ಮೂರು ಮೈಲಿ. ನಡೆದು ದಣಿದವರು ಅಲ್ಲಿ ಒತ್ತಿಕೊಂಡರೆ ಮತ್ತೆ ಮೂರು ಮೈಲಿ ನಡೆಯಬಲ್ಲರಂತೆ.

ವಾಪಸು ಬಸ್ಸಿನಲ್ಲಿ ಶಿವರಂಜಿನಿ ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಕೇಳಿದಳು. "ಅಪ್ಪಾ, ಬೀಗ ತೆಗುಸ್ತೀಯಲ್ವಾ?"

"ತೆಗುಸ್ತೀನಿ ಕಣಮ್ಮಿ. ಅಪ್ಪ ಇಲ್ವಾ?"

ಹುಡುಗಿಯ ಮುಖ ಅರಳಿತು. ಮಾರನೆಯ ದಿನವೇ ಅವಳು ಗೆಳತಿ ನಾಜ್ನೀನ್‌ಗೆ ಹೇಳಿದಳು: ಅಪ್ಪ ಸ್ಕೂಲಿಗೆ ಬರುತ್ತಾರೆ, ಬೀಗ ತೆಗೆಸುತ್ತಾರೆ. ನಾಜ್ನೀನ್ ಕ್ಲಾಸಿಗೆಲ್ಲ ಹೇಳಿದಳು. ಹತ್ತನೇ ಕ್ಲಾಸಿನ ಹುಡುಗಿಯರು ಮಹಾಲಿಂಗನ ದಾರಿ ಕಾಯತೊಡಗಿದರು.

ಮಹಾಲಿಂಗ ಬೀಗವನ್ನು ಹುಡುಕುತ್ತಿದ್ದ. ಮನೆಯಲ್ಲಿ ಅವನು ಹೆಂಡತಿಗೆ ವಿವರಿಸಿದ ರೀತಿ ಹೀಗೆ:

"ಚೀನಾ ಶಾಸ್ತ್ರದ ಪ್ರಕಾರ ಒಟ್ಟೆ ಒಳಗ ಒಂದು ಬೀಗ ಇರ್ತದ. ರಂಜೀದು ಬಿಗಿದುಕೊಂಡದ."

"ಅಯ್ಯೋ ಶಿವನೇ! ಕೀ ಎಲ್ಲಿರ್ತದ?"

ಮಹಾಲಿಂಗ ಒಂದು ಕ್ಷಣ ಯೋಚಿಸಿದ. "ಮಂಡಿ ಕೆಳಗ."

ಶಾಂತಮಲ್ಲಮ್ಮ ತನ್ನ ಮಂಡಿಯನ್ನೇ ನೋಡಿಕೊಂಡಳು. ಇಷ್ಟು ವರ್ಷ ಅದರ ಮೇಲೆ ಕೈಯೂರಿ ಏಳುತ್ತಿದ್ದೆನಲ್ಲ ಎಂದು ಅವಳಿಗೆ ಭಯಭಕ್ತಿ ಉಂಟಾಯಿತು.

ಬೆಳಿಗ್ಗೆ ಐದಕ್ಕೆ ಮನೆಮಂದಿಯೆಲ್ಲ ಎದ್ದು ಬಿಸಿನೀರು ಕುಡಿದು ಗೋಡೆಗೆ ಒರಗಿ ಕೂರುವುದು ಶುರುವಾಯಿತು. ಮಹಾಲಿಂಗ ಮಗಳ ಮಂಡಿ ಕೆಳಗೆ ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ, ಕೀ ತಿರುಗಿಸಿದಂತೆ ಒತ್ತುತ್ತಿದ್ದ. ಸುದ್ದಿ ಬೀದಿಗೆ ಹಬ್ಬಿತು. ಮಂಗಮ್ಮ ಬಂದು ಕಾಲು ನೀಡಿದಳು. ಒತ್ತಿಸಿಕೊಂಡ ದಿನ ಅವಳು ಹಂಗಳದ ತನ್ನ ಹೊಲದಿಂದ ಗುಂಡ್ಲುಪೇಟೆಗೆ ನಡೆದೇ ಬಂದಳು. ಕೊನೆಯ ಬಸ್ಸು ಕೆಟ್ಟು ನಿಂತಿತ್ತು ಎಂಬ ಅಂಶವನ್ನು ಬೀದಿಯವರು ಗಣನೆಗೆ ತೆಗೆದುಕೊಳ್ಳಲಿಲ್ಲ. ಮಹಾಲಿಂಗ ಮೀಟರ್ ನೋಡಲು ಹೋದ ಮನೆಗಳಲ್ಲೆಲ್ಲ ಜನ ಬಾಗಿಲು ತೆರೆದು ನಾಲಿಗೆ ಚಾಚತೊಡಗಿದರು. ಅವನು ಗಂಭೀರವಾಗಿ ನೋಡಿ, "ಗೊತ್ತು, ಗೊತ್ತು" ಎಂದು ಮುಂದೆ ಹೋಗುತ್ತಿದ್ದ.

ಮಗಳ ಹೊಟ್ಟೆ ಮಾತ್ರ ಹಾಗೆಯೇ ಇತ್ತು. ಎಂಟನೆಯ ದಿನ ನಾಜ್ನೀನ್ ಅವಳನ್ನು ತೋಳು ಹಿಡಿದು ನಡೆಸಿಕೊಂಡು ಬಂದು ಬಿಟ್ಟುಹೋದಳು. ಹುಡುಗಿ ಚಾಪೆಯ ಮೇಲೆ ಮುದುಡಿಕೊಂಡು, ಅಪ್ಪನ ಮುಖ ನೋಡಿ ಇಷ್ಟೇ ಕೇಳಿದಳು:

"ಅಪ್ಪಾ, ಬೀಗ?"

ಮಹಾಲಿಂಗ ಅವಳಿಗೆ ಕಂಬಳಿ ಹೊದಿಸಿದ. ಚೀನಾದವರ ಲೆಕ್ಕದಲ್ಲಿ ತಾನೆಲ್ಲೋ ಹೊತ್ತು ತಪ್ಪಿಸುತ್ತಿದ್ದೇನೆ ಎಂದುಕೊಂಡ. ಮರುದಿನ ಬೆಳಿಗ್ಗೆ ಆಫೀಸಿಗೆ ಹೋದವನೇ ಸರ್ಕಾರಿ ಕಾಗದ ತೆಗೆದುಕೊಂಡು, ಸ್ಕೇಲಿಟ್ಟು ಗೆರೆ ಹೊಡೆದು, ಮೇಲೆ ದೊಡ್ಡದಾಗಿ "ವೇಳಾಪಟ್ಟಿ" ಎಂದು ಬರೆದು, ಕೆಳಗೆ ಗಂಟೆಗಳನ್ನೂ ಅಂಗಗಳನ್ನೂ ಅಂದವಾಗಿ ನಕಲು ಮಾಡಿದ. ಜೇಬಿನಲ್ಲಿಟ್ಟುಕೊಂಡು ತಿರುಗಿದರೆ ಯಾವ ಹೊತ್ತೂ ತಪ್ಪುವುದಿಲ್ಲವಲ್ಲ. ಶಾಯಿ ಒಣಗಲೆಂದು ಮೇಜಿನ ಮೇಲೆ ಬಿಟ್ಟು ಟೀ ಕುಡಿಯಲು ಹೋದ.

ಅದೇ ದಿನ ಪಂಪ್‌ಸೆಟ್ಟುಗಳಿಗೆ ಕರೆಂಟ್ ಕೊಡುವ ಹೊಸ ವೇಳಾಪಟ್ಟಿ ಮೈಸೂರಿನಿಂದ ಬರಬೇಕಿತ್ತು. ಬಂದ ಕೂಡಲೇ ನೋಟಿಸ್ ಬೋರ್ಡಿಗೆ ಅಂಟಿಸಬೇಕೆಂದು ಅಟೆಂಡರ್ ಮೂಗಮ್ಮನಿಗೆ ಅಪ್ಪಣೆಯಾಗಿತ್ತು. ಮೂಗಮ್ಮನಿಗೆ ಅಂಕಿ ಓದಲು ಬರುತ್ತಿತ್ತು, "ವೇಳಾಪಟ್ಟಿ" ಎಂಬ ಪದದ ಆಕಾರ ಗೊತ್ತಿತ್ತು. ಅಂಟಿಸಿದಳು.

ಮಹಾಲಿಂಗ ಟೀ ಕುಡಿದು ಬರುವ ಹೊತ್ತಿಗೆ ಬೋರ್ಡಿನ ಮುಂದೆ ಇಪ್ಪತ್ತು ಮೂವತ್ತು ರೈತರು ಸೇರಿದ್ದರು. ಓದು ಬರುವವನೊಬ್ಬ ಜೋರಾಗಿ ಓದುತ್ತಿದ್ದ, ಉಳಿದವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

"ಐದ್ರಿಂದ ಏಳು, ದೊಡ್ಡ ಕರುಳು."

"ದೊಡ್ಡ ಕರುಳು ಯಾವ ಲೈನ್ಲಾ ಅದು?"

"ದೊಡ್ಡದು ಅಂದ್ಮೇಲ ಬೇಗೂರಿಂದೇ ಇರ್ಬೇಕು ಕಣ."

"ಅಂಗಾರ ತೆರಕಣಾಂಬಿ ಸಣ್ಣ ಕರುಳಾ? ಯಾವ ನ್ಯಾಯ್ವಲಾ ಇದು? ನಮ್ಗ ಸೊರಗೋ ಬಿಸ್ಲಲ್ಲಿ, ಒಂದ್ರಿಂದ ಮೂರು?"

"ನಂದು ಅಂಗಳದಲ್ಲದ," ಎಂದು, ಹಂಗಳದಲ್ಲಿ ಹೊಲವಿದ್ದ ಮಂಗಮ್ಮನ ಧ್ವನಿ ಗುಂಪಿನ ನಡುವಿನಿಂದ ಬಂತು. "ಯಾವುದ್ಕ ಸೇರ್ಸವ್ರ ನೋಡಪ್ಪ. ಈರುಳ್ಳಿ ಒಣಗ್ತಾ ಅದ."

"ಮೂತ್ರಕೋಶ ಅಂತ ಒಂದದ ಕಣಮ್ಮ, ಮೂರ್ರಿಂದ ಐದು. ಅದೇ ಇರ್ಬೇಕು. ನೀರು ಬುಡಾದು ಅದೇ ಅಲ್ವಾ."

ಮಂಗಮ್ಮನಿಗೆ ಸಮಾಧಾನವಾಯಿತು. ತೆರಕಣಾಂಬಿಯವರಿಗೆ ಆಗಲಿಲ್ಲ. ಅವರು ಜೂನಿಯರ್ ಇಂಜಿನಿಯರ್ ನಿಂಗರಾಜು ಅವರ ಕೋಣೆಗೆ ನುಗ್ಗಿ, ತಮ್ಮನ್ನು ಈ ಕೂಡಲೇ ದೊಡ್ಡ ಕರುಳಿಗೆ ಸೇರಿಸಬೇಕೆಂದು ಪಟ್ಟು ಹಿಡಿದರು. ನಿಂಗರಾಜು ಬೋರ್ಡಿನ ಬಳಿ ಬಂದು ಓದಿದರು. ಎರಡನೆಯ ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದರು.

"ಇದು ಯಾರ ಕೈಬರಹ?"

ಮಹಾಲಿಂಗ ಮುಂದೆ ಬಂದ. ಸಾಮಾನ್ಯವಾಗಿ ಸಾಹೇಬರ ಎದುರು ತೊದಲುವವನು ಅಂದು ತೊದಲಲಿಲ್ಲ. ಮಗಳ ಹೊಟ್ಟೆ, ಚಾಮರಾಜನಗರದ ವೈದ್ಯರು, ನಾಲಿಗೆಯಲ್ಲಿ ಬರೆದಿರುವುದು, ಮೈಯೊಳಗಿನ ಲೈನುಗಳು, ಅವುಗಳಿಗೆ ಸರದಿಯ ಮೇಲೆ ಬರುವ ಶಕ್ತಿ, ಎಲ್ಲವನ್ನೂ ಹೇಳಿದ. ರೈತರು ತಲೆಯ ಮೇಲಿನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು ಕೇಳಿದರು. ಒಂದು ಆಸ್ಪತ್ರೆಯಲ್ಲೂ ಯಾರೂ ತಮಗೆ ಇದನ್ನು ಹೇಳಿರಲಿಲ್ಲ.

"ಅಂದ್ರ ನಮ್ಮೊಳ್ಗೂವಿ ಲೋಡ್ ಶೆಡ್ಡಿಂಗ್ ಅದಾ?" ಎಂದು ತೆರಕಣಾಂಬಿಯವನು ಉಸಿರೆಳೆದ.

"ಅದ. ಆದ್ರ ಟೈಮ್ ಟೈಮಿಗ ಬತ್ತದ," ಎಂದ ಮಹಾಲಿಂಗ.

ಗುಂಪಿನಲ್ಲಿ ಆಶ್ಚರ್ಯದ ಅಲೆಯೊಂದು ಎದ್ದಿತು. ಕರೆಂಟ್ ಟೈಮಿಗೆ ಬರುವ ಜಾಗವೊಂದು ತಮ್ಮೊಳಗೇ ಇದೆಯೆಂದು ಅವರು ಊಹಿಸಿರಲಿಲ್ಲ.

"ಎಲ್ಲ ಸರಿ ಮಹಾಲಿಂಗ," ಎಂದರು ನಿಂಗರಾಜು, ಕೋಪವನ್ನು ಎಲ್ಲೋ ಕಳೆದುಕೊಂಡು. "ಮಗಳಿಗೆ ಈಗ ಹೇಗಿದೆ?"

ಮಹಾಲಿಂಗನ ಧ್ವನಿ ಕುಸಿಯಿತು. "ಉಸಾರಿಲ್ಲ ಸಾರ್. ಬೀಗ ತೆಗೀಬೇಕು ಅಂದ್ರು. ಒಟ್ಟೇದು ಬೀಗ. ಎಂಟು ದಿನದಿಂದ ಒತ್ತುತಾ ಇವ್ನಿ, ತೆಗೀತಾ ಇಲ್ಲ."

ಬಿಲ್ಲು ಕಟ್ಟಲು ಬಂದು ಬಾಗಿಲ ಬಳಿ ನಿಂತಿದ್ದ ಟೈಲರ್ ಕುಲ್ಸುಂ ಬಿ, ನಾಜ್ನೀನಳ ತಾಯಿ, ಹಣೆ ಹಣೆ ಚಚ್ಚಿಕೊಂಡಳು.

"ಅರೆ ಮಾಲಿಂಗಣ್ಣ! ಹೊಟ್ಟೇದು ಬೀಗ ಅಲ್ಲಾ ಅದು, ಇಸ್ಕೂಲ್ದು ಬೀಗ! ಹೆಣ್ಣುಮಕ್ಕಳ್ದು ಪಾಯಿಖಾನೆಗೆ ಹಾಕಿದಾರಲ್ಲ, ಅದು! ನಿಮ್ದು ಮಗಳು ನಮ್ದು ಹುಡುಗಿಗೆ ಹೇಳಿದಾಳೆ, ನಮ್ಮಪ್ಪ ಬಂದು ತೆಗೆಸ್ತಾರೆ ಅಂತ. ಎಂಟು ದಿನದಿಂದ ಕ್ಲಾಸೇ ನಿಮ್ದು ದಾರಿ ನೋಡ್ತಾ ಇದೆ!"

ಯಾರೂ ನಗಲಿಲ್ಲ. ಕುಲ್ಸುಂ ಬಿ ಉಳಿದದ್ದನ್ನೂ ಹೇಳಿದಳು. ಹುಡುಗಿಯರು ನೀರು ಕುಡಿಯದಿರುವುದು, ತಡೆದುಕೊಂಡು ಕೂರುವುದು, ತನ್ನ ಮಗಳಿಗೂ ಉರಿ ಮೂತ್ರ ಆಗಿರುವುದು. ಮಹಾಲಿಂಗ ಪೂರ್ತಿ ಕೇಳಿದ. ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ. ಕೊನೆಗೆ, "ನಂಗ ಗೊತ್ತಿರ್ನಿಲ್ಲ," ಎಂದ. ಆ ಮಾತನ್ನು ಅವನ ಬಾಯಿಂದ ಗುಂಡ್ಲುಪೇಟೆ ಕೇಳಿದ್ದು ಅದೇ ಮೊದಲು.

ಮಂಗಮ್ಮ ಸೆರಗು ಸಿಕ್ಕಿಸಿದಳು. "ನನ್ ಮೊಮ್ಮಗ್ಳೂ ಅಲ್ಲೇ ಓದಾದು. ನಡೀರಪ್ಪ, ಓಗನ."

ಪಂಪ್‌ಸೆಟ್ಟು ಮರೆತುಹೋಯಿತು. ಮುಂದೆ ಮಹಾಲಿಂಗ, ಹಿಂದೆ ದೊಡ್ಡ ಕರುಳಿನವರು, ಸಣ್ಣ ಕರುಳಿನವರು, ಕುಲ್ಸುಂ ಬಿ, ಕೊನೆಯಲ್ಲಿ ಅಂಟಿನ ಡಬ್ಬಿ ಹಿಡಿದ ಮೂಗಮ್ಮ. ನಿಂಗರಾಜು ಕೂಡ ಸ್ಕೂಟರ್ ಏರಿದರು. ಇಷ್ಟು ಜನ ಒಟ್ಟಿಗೆ ಬರುವುದನ್ನು ಕಂಡು ಹೆಡ್‌ಮಾಸ್ಟರ್ ಸಿದ್ದಯ್ಯ ಎದ್ದು ನಿಂತರು.

ಶಾಲೆಯ ಹಿಂದೆ ಸಾಲಾಗಿ ನಾಲ್ಕು ಕೋಣೆಗಳು, ಹೊಸ ಬಣ್ಣ. ಮುಂದಿನ ಕಬ್ಬಿಣದ ಬಾಗಿಲಿಗೆ ತೆಂಗಿನಕಾಯಿಯಷ್ಟು ದಪ್ಪ ಬೀಗ, ಅದಕ್ಕೆ ಅಡ್ಡಲಾಗಿ ಬಿಸಿಲಿಗೆ ಬಣ್ಣ ಹೋದ ಒಂದು ರಿಬ್ಬನ್ನು.

"ಉದ್ಘಾಟನೆ ಆಗಿಲ್ಲ," ಎಂದರು ಸಿದ್ದಯ್ಯ, ಬೆವರು ಒರೆಸಿಕೊಳ್ಳುತ್ತ. "ಮೂರು ಸಲ ದಿನ ಗೊತ್ತಾಯ್ತು. ಮೂರು ಸಲವೂ ದೊಡ್ಡವರು ಬರಲಿಲ್ಲ. ಉದ್ಘಾಟನೆಗೆ ಮೊದಲು ಉಪಯೋಗಿಸಿದರೆ ನಾಳೆ ನನ್ನನ್ನ ಕೇಳ್ತಾರೆ. ಬೀಗದ ಕೈ ಮೊಹರು ಮಾಡಿ ಇಟ್ಟಿದ್ದೀನಿ."

"ದೊಡ್ಡೋರು ಅಂದ್ರ ಎಷ್ಟು ದೊಡ್ಡೋರಾಗಿರ್ಬೇಕು?" ಎಂದು ಮಂಗಮ್ಮ ಕೇಳಿದಳು. "ನಂಗ ಎಪ್ಪತ್ತೆಲ್ಡು. ಸಾಕಾ?"

ಸಿದ್ದಯ್ಯ ನಿಂಗರಾಜು ಅವರ ಮುಖ ನೋಡಿದರು. ನಿಂಗರಾಜು, ಸರ್ಕಾರದ ಪರವಾಗಿ, ಆಕಾಶ ನೋಡಿದರು. ಸಿದ್ದಯ್ಯ ಒಳಗೆ ಹೋಗಿ ಮೊಹರಿನ ಕವರು ತಂದು ಒಡೆದು, ಬೀಗ ತೆಗೆದರು. ಮಂಗಮ್ಮ ಸೊಂಟದ ಎಲೆಚೀಲದಿಂದ ಅಡಕತ್ತರಿ ತೆಗೆದು ರಿಬ್ಬನ್ ಕತ್ತರಿಸಿದಳು. ಕ್ಲಾಸುಗಳ ಕಿಟಕಿಗಳಲ್ಲಿ ಜಡೆಗಳು ಒತ್ತೊತ್ತಾಗಿ ಕಂಡವು. ಭಾಷಣ ಮಾಡಬೇಕೆಂದು ಯಾರೋ ಹೇಳಿದರು.

ಮಂಗಮ್ಮ ಹುಡುಗಿಯರ ಕಡೆ ತಿರುಗಿದಳು. "ಓಗ್ರವ್ವ, ಓಗಿ," ಎಂದಳು.

ಚಪ್ಪಾಳೆಯಾಯಿತು. ಆದರೆ ಒಳಗೆ ನಲ್ಲಿ ತಿರುಗಿಸಿದರೆ ನೀರಿಲ್ಲ. ಬೋರ್‌ವೆಲ್ ಮೋಟರಿನ ಸ್ವಿಚ್ಚು ಒಳಗೇ ಇತ್ತು, ಎರಡು ವರ್ಷದಿಂದ ಯಾರೂ ಒತ್ತಿರಲಿಲ್ಲ. ಗೋಡೆಯ ಹೊರಬದಿಗೆ ಅದರದೇ ಒಂದು ಮೀಟರು. ಮಹಾಲಿಂಗ ಅದರ ಮುಂದೆ ಹೋಗಿ ನಿಂತುಬಿಟ್ಟ. ಆ ಮೀಟರ್ ಅವನ ಬೀಟಿನದೇ. ತಿಂಗಳಿಗೊಮ್ಮೆ ಬಂದು, ನೋಡಿ, ಸೊನ್ನೆ ಎಂದು ಬರೆದುಕೊಂಡು ಹೋಗಿದ್ದ. ಇಪ್ಪತ್ತೆರಡು ತಿಂಗಳು, ಇಪ್ಪತ್ತೆರಡು ಸೊನ್ನೆ. ನೂರೆಂಬತ್ತು ಹುಡುಗಿಯರ ಶಾಲೆಯಲ್ಲಿ ನೀರಿನ ಮೋಟರು ಒಂದು ಯೂನಿಟ್ಟೂ ಸುಡಲಿಲ್ಲವೇಕೆ ಎಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ.

"ನಾಲ್ಗೇಲೇ ಅಷ್ಟು ಓದುದ್ರು ಅವ್ರು," ಎಂದು ಪಕ್ಕದಲ್ಲಿದ್ದ ಸಾಹೇಬರಿಗೆ ಹೇಳಿದ. "ನಾನು ಇಷ್ಟು ದಪ್ಪ ಅಂಕಿ ಓದ್ನಿಲ್ಲ ಸಾರ್."

ನಿಂಗರಾಜು ಅವನ ಹೆಗಲು ತಟ್ಟಿ, ಲೈನ್‌ಮ್ಯಾನನ್ನು ಕರೆಸಿದರು. ಮಧ್ಯಾಹ್ನದೊಳಗೆ ಮೋಟರು ಕೆಮ್ಮಿ, ಗುರುಗುಟ್ಟಿ, ಕೆಂಪು ನೀರನ್ನೂ ಆಮೇಲೆ ತಿಳಿನೀರನ್ನೂ ಉಗುಳಿತು. ಶಿವರಂಜಿನಿ ಮೂರನೇ ಬೆಂಚಿನ ಕಿಟಕಿಯಿಂದ ಅಪ್ಪನನ್ನು ನೋಡುತ್ತಿದ್ದಳು. ಅವನು ಎಂಟು ದಿನ ಏನು ಮಾಡುತ್ತಿದ್ದನೆಂಬುದು ಅವಳಿಗೆ ಆಮೇಲೆ ತಿಳಿಯಿತು, ಬಹಳ ದಿನ ನಕ್ಕಳು. ಆದರೆ ಆ ಹೊತ್ತಿನಲ್ಲಿ ಊರನ್ನೇ ಕಟ್ಟಿಕೊಂಡು ಬಂದು ಬೀಗ ತೆಗೆಸಿದ ಅಪ್ಪ ಅವಳ ಕಣ್ಣಿಗೆ ಬೆಟ್ಟದಷ್ಟು ಎತ್ತರವಾಗಿದ್ದ.

ಕಿತ್ತಳೆ ಸಿಪ್ಪೆಯ ಕಷಾಯ, ಬೆಳಗಿನ ಗಂಜಿ, ಕುಡಿಯುವಷ್ಟು ನೀರು ಮೂರು ವಾರದಲ್ಲಿ ಕೆಲಸ ಮಾಡಿದವು. ಹುಡುಗಿ ರಾತ್ರಿ ಎರಡು ಮುದ್ದೆ ಉಂಡು ಮೂರನೆಯದನ್ನು ನೋಡುವಂತಾದಳು. ಮಾರ್ಚ್‌ನಲ್ಲಿ ಪರೀಕ್ಷೆಗೆ ಕೂತು, ಗಣಿತದ ಪೇಪರನ್ನು ಕೊನೆಯ ಗಂಟೆ ಬಾರಿಸುವವರೆಗೂ ಬರೆದು ಎದ್ದಳು.

ಬೀಗ ತೆಗೆದ ಮುಂದಿನ ತಿಂಗಳು ಮಹಾಲಿಂಗ ಮಾಮೂಲಿನಂತೆ ರೀಡಿಂಗಿಗೆ ಶಾಲೆಗೆ ಹೋದ. ಆಟದ ಬಿಡುವಿನ ಹೊತ್ತು. ಹುಡುಗಿಯರು ನೂಕಾಡುತ್ತ, ನೀರೆರಚುತ್ತ, ಬಕೆಟ್ಟಿಗಾಗಿ ಜಗಳವಾಡುತ್ತಿದ್ದರು. ಮೀಟರಿನ ಗಾಜಿನೊಳಗೆ ಬೆಳ್ಳಿ ಬಣ್ಣದ ತಟ್ಟೆ ತಿರುಗುತ್ತಿತ್ತು. ಅದರ ಅಂಚಿನ ಕೆಂಪು ಗುರುತು ಬಂತು, ಹೋಯಿತು, ಮತ್ತೆ ಬಂತು. ಮಹಾಲಿಂಗ ಪುಸ್ತಕ ತೆರೆಯದೆ ನೋಡುತ್ತಲೇ ನಿಂತ. ಬಹಳ ಹೊತ್ತಾದ ಮೇಲೆ ಸಿದ್ದಯ್ಯ ಗಾಬರಿಯಿಂದ ಬಂದರು.

"ಏನು ಮಹಾಲಿಂಗ, ಕೆಟ್ಟುಹೋಗಿದೆಯಾ?"

"ಇಲ್ಲ ಸಾರ್," ಎಂದ ಮಹಾಲಿಂಗ, ಕಣ್ಣು ಕೀಳದೆ. "ಓಡ್ತಾ ಅದ."

ಸಿದ್ದಯ್ಯ ಕೆಳಗೆ ನೋಡಿದರು. ಮಹಾಲಿಂಗ ಚಪ್ಪಲಿ ಬಿಟ್ಟು ನಿಂತಿದ್ದ.